ಖಾಲಿ ಎಂದು ಬರೆಯುವ ಹೊಣೆ

ಹಿರಿಯರಿಂದ ನಮ್ಮ ಕೈಸೇರುವ ವಸ್ತುಗಳು ಹಲವು ಬಗೆಯವು. ಕೆಲವನ್ನು ನಾವು ನಿತ್ಯ ಬಳಸುತ್ತೇವೆ. ಕೆಲವನ್ನು ಗೋಡೆಗೆ ತೂಗುಹಾಕಿ ಮನೆಗೆ ಬಂದವರಿಗೆ ತೋರಿಸುತ್ತೇವೆ. ಇನ್ನು ಕೆಲವನ್ನು ಏನು ಮಾಡಬೇಕೆಂದು ತೋಚದೆ ಅಟ್ಟಕ್ಕೆ ಸೇರಿಸಿ ಮರೆಯುತ್ತೇವೆ. ಅಜ್ಜನ ಗಡಿಯಾರವನ್ನಾಗಲಿ, ಅಜ್ಜಿಯ ಒರಳುಕಲ್ಲನ್ನಾಗಲಿ, ತಂದೆಯ ಹೊಲಿಗೆಯಂತ್ರವನ್ನಾಗಲಿ ಹೀಗೆ ಮರೆತರೆ ಯಾರಿಗೂ ಕೇಡಿಲ್ಲ. ಹೆಚ್ಚೆಂದರೆ ತುಕ್ಕು ಹಿಡಿದೀತು, ಧೂಳು ಕೂತೀತು. ಕೋವಿಯ ಸಂಗತಿ ಬೇರೆ. ಅದನ್ನು ಬಳುವಳಿಯಾಗಿ ಪಡೆದವರು ಅದರ ಒಳಗೆ ಏನಿದೆಯೋ ಅದನ್ನೂ ಪಡೆಯುತ್ತಾರೆ. ಆ ಒಳಗನ್ನು ತೆರೆದು ನೋಡುವ ಕರ್ತವ್ಯವೂ ಅದರೊಡನೆಯೇ ಬರುತ್ತದೆ. ಈ ಮಾತನ್ನು ನನಗೆ ಮನಗಾಣಿಸಿದ ಒಂದು ಹಳೆಯ ಕೋವಿಯ ಕುರಿತು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿದೆ.

ನಾನು ಬೇಟೆಗಾರನೂ ಅಲ್ಲ, ಸೈನಿಕನೂ ಅಲ್ಲ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಯಂತ್ರಗಳ ಸದ್ದಿನ ನಡುವೆ ಬೆಳೆದು, ಒಂದು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ 31 ವರ್ಷ ಫಿಟ್ಟರ್ ವಿಭಾಗದ ಬೋಧಕನಾಗಿ ದುಡಿದು ನಿವೃತ್ತನಾದವನು. ಅರ, ಉಳಿ, ಸುತ್ತಿಗೆ, ವರ್ನಿಯರ್ ಇವೇ ನನ್ನ ಬದುಕಿನ ಪರಿಕರಗಳು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ, ನಮ್ಮ ಮನೆಗೆ ಮೂರು ಮನೆಯಾಚೆ, ಕೊಡಗಿನವರಾದ ಒಬ್ಬ ನಿವೃತ್ತ ಸುಬೇದಾರರು ನೆಲೆಸಿದ್ದರು. ಸಂಜೆಯ ನಡಿಗೆಯಲ್ಲಿ ನಾವಿಬ್ಬರೂ ಇಪ್ಪತ್ತು ವರ್ಷಗಳ ಸಂಗಾತಿಗಳು. ಅವರದು ಮಿತಭಾಷೆ. ಆದರೆ ಯಂತ್ರಗಳ ಮಾತು ಬಂದರೆ ನಾಲಗೆ ಸಡಿಲವಾಗುತ್ತಿತ್ತು. ವಿರಾಜಪೇಟೆಯ ಕಡೆಯ ತಮ್ಮ ಐನ್‌ಮನೆಯಲ್ಲಿರುವ ಕೋವಿಯ ವಿಚಾರವನ್ನು ಅವರ ಬಾಯಿಂದ ಅದೆಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ.

ಪ್ರತಿ ವರ್ಷ ಆಗಸ್ಟ್ ಕಳೆಯುತ್ತಿದ್ದಂತೆ ಅವರು ಒಂದು ಚೀಲ ಹಿಡಿದು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೊರಡುತ್ತಿದ್ದರು. ಕೆಂಗೇರಿ ದಾಟಿ, ಮೈಸೂರು ದಾಟಿ, ಊರು ಸೇರಿ, ಕೈಲ್‌ಪೊಳ್ದ್ ಹಬ್ಬ ಮುಗಿಸಿ ಬರುವುದು ಅವರ ವಾಡಿಕೆ. ಹಲವು ಮನೆತನಗಳು ಸೆಪ್ಟೆಂಬರ್ 3ರಂದು ಆಚರಿಸುವ ಈ ಹಬ್ಬವನ್ನು ಕನ್ನಡದಲ್ಲಿ ಕೈಲ್ ಮುಹೂರ್ತ ಎನ್ನುತ್ತಾರೆ. ಆಯುಧಗಳ ಹಬ್ಬವೆಂದೇ ಅದರ ಅರ್ಥ. ಮುಂಗಾರಿನಲ್ಲಿ ಗದ್ದೆಯ ನಾಟಿಯ ಕೆಲಸ ಮುಗಿಯುವವರೆಗೆ ಕೋವಿ ಕತ್ತಿಗಳನ್ನು ದೇವರ ಕೋಣೆಯಲ್ಲಿ ಇರಿಸುವುದು, ನಾಟಿ ಮುಗಿದ ಮೇಲೆ ಹೊರತೆಗೆದು ಶುಚಿಗೊಳಿಸಿ, ಹೂವಿಟ್ಟು, ದೀಪ ಬೆಳಗಿ, ಹಿರಿಯರ ಕೈಯಿಂದ ಕಿರಿಯರಿಗೆ ಕೊಡುವುದು ಹಿಂದಿನಿಂದ ಬಂದ ಕ್ರಮ. ಆ ಕಾಲಕ್ಕೆ ಕಾಡಂಚಿನಲ್ಲಿ ಕೆಂಪು ಹಳದಿ ಬಣ್ಣದ ಬೆಂಕಿಯ ನಾಲಗೆಯಂಥ ಒಂದು ಹೂವು ಅರಳುತ್ತದೆ. ಕನ್ನಡದಲ್ಲಿ ಅದನ್ನು ಗೌರಿ ಹೂವೆನ್ನುವವರೂ ಇದ್ದಾರೆ. ಕೊಡವರು ಅದನ್ನು ತೋಕ್ ಪೂ, ಅಂದರೆ ಕೋವಿಯ ಹೂವು, ಎನ್ನುತ್ತಾರೆ. ಅಂದು ಅದನ್ನು ನಳಿಗೆಯ ಬಾಯಿಗೆ ಸಿಕ್ಕಿಸುತ್ತಾರೆ.

ಬೆಂಗಳೂರಿನವರಿಗೆ ಅಚ್ಚರಿಯೆನಿಸುವ ಸಂಗತಿಯೆಂದರೆ, ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳುವ ಈ ಹಕ್ಕಿನ ಮೂಲದಲ್ಲಿ ನಮ್ಮ ನಗರಕ್ಕೆ ಚಿರಪರಿಚಿತವಾದ ಒಂದು ಹೆಸರಿದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1857ರ ಬಂಡಾಯದ ನಂತರ ದೇಶದ ಜನರಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆಗಳು ಬಂದಾಗ, ಮೈಸೂರು ಮತ್ತು ಕೊಡಗಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ವಿನಾಯಿತಿ ನೀಡಿದನು. ಅದೇ ವರ್ಷ ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಆತ ಸೂಯೆಜ್‌ನಲ್ಲಿ ತೀರಿಕೊಂಡನು. ವಿನಾಯಿತಿ ಮಾತ್ರ ಉಳಿಯಿತು. 1878ರ ಕಾಯಿದೆ ಹೋಗಿ 1959ರ ಆಯುಧ ಕಾಯಿದೆ ಬಂದ ಮೇಲೂ ಅದು ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಮುಂದುವರಿದಿದೆ. ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಕುದುರೆಯೇರಿದ ಕಬ್ಬನ್ನನ ಪ್ರತಿಮೆ 2020ರವರೆಗೂ ನಿಂತಿದ್ದುದು ಅದೇ ಉಚ್ಚ ನ್ಯಾಯಾಲಯದ ಆವರಣದಲ್ಲಿ; ಈಗ ಅದು ಕಬ್ಬನ್ ಉದ್ಯಾನದೊಳಗಿದೆ.

ಹಕ್ಕಿನ ಕತೆ ಹೀಗೆ ಕಾಗದಗಳಲ್ಲಿದೆ. ಹೊಣೆಯ ಕತೆ ಸುಬೇದಾರರ ಒಂದು ನೋಟುಪುಸ್ತಕದಲ್ಲಿತ್ತು. ಸೇನೆಯಿಂದ ನಿವೃತ್ತರಾಗಿ ಬಂದ ಮರುವರ್ಷ, 1988ರಿಂದ, ಅವರು ಪ್ರತಿ ಸೆಪ್ಟೆಂಬರಿನಲ್ಲೂ ಅದರಲ್ಲಿ ಒಂದೇ ಸಾಲು ಬರೆದು ಸಹಿ ಮಾಡುತ್ತಿದ್ದರು: ತಾರೀಖು, ನಂತರ ‘ತೆರೆದೆ, ನೋಡಿದೆ, ಖಾಲಿ’. ಮೂವತ್ತು ವರ್ಷ, ಮೂವತ್ತು ಸಾಲು. ಕೊನೆಯ ಸಾಲು 2017ರದು. ಮರುವರ್ಷ ಪಾರ್ಶ್ವವಾಯು ಬಡಿದು ಅವರ ಬಲಗೈ ಕಸುವು ಕಳೆದುಕೊಂಡಿತು. 2022ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಕೊಡವರಲ್ಲಿ ಸಾವಿನ ಸುದ್ದಿಯನ್ನು ಎರಡು ಗುಂಡು ಹಾರಿಸಿ ಸಾರುವ ಪದ್ಧತಿಯಿದೆ. ಅಂದು ಹಾರಿದ ಎರಡೂ ಗುಂಡು ನೆಂಟರ ಕೋವಿಯವು. ಮನೆಯ ಕೋವಿ ತೆರೆಯಲೇ ಇಲ್ಲ. ಅದರ ಲಿವರ್ ಕಚ್ಚಿಕೊಂಡು ನಿಂತಿತ್ತು.

ಸುಬೇದಾರರಿಗೆ ಒಬ್ಬಳೇ ಮಗಳು. ವಿಜಯನಗರದ ಒಂದು ಶಾಲೆಯಲ್ಲಿ ಅಧ್ಯಾಪಕಿ. ಊರಿನ ಮನೆಯಲ್ಲಿ ಇರುವವರು ಅವಳ ಚಿಕ್ಕಪ್ಪ, ಎಪ್ಪತ್ತು ದಾಟಿದವರು, ಮಕ್ಕಳಿಲ್ಲದವರು. ಅಣ್ಣನ ನಂತರ ಕಾಗದಪತ್ರಗಳ ಪ್ರಕಾರ ಕೋವಿ ಅವರ ವಶಕ್ಕೆ ಬಂದಿತ್ತು. 2023ರ ಆಗಸ್ಟ್ ತಿಂಗಳ ಒಂದು ಸಂಜೆ ಅವಳು ನಮ್ಮ ಮನೆಗೆ ಬಂದಳು.

“ಮೇಷ್ಟ್ರೇ, ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿಬಿಡೋಣ ಅಂತ ಚಿಕ್ಕಪ್ಪ ಹೇಳುತ್ತಿದ್ದಾರೆ. ನೋಡಿಕೊಳ್ಳುವವರು ಯಾರೂ ಇಲ್ಲವಂತೆ. ಒಪ್ಪಿಸುವ ಮೊದಲು ಒಂದು ಸಲ ನೀವು ಬಂದು ನೋಡಬೇಕು. ಅಪ್ಪ ನಿಮ್ಮ ಕೈಕೆಲಸವನ್ನು ನಂಬುತ್ತಿದ್ದರು,” ಎಂದಳು.

“ನಿನ್ನ ಮನಸ್ಸಿನಲ್ಲಿ ಏನಿದೆಯಮ್ಮಾ?” ಎಂದು ಕೇಳಿದೆ.

ಅವಳು ತಕ್ಷಣ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ, “ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವ ರೂಢಿ. ನಾನು ಹುಟ್ಟಿದ ದಿನ ಆ ಕೋವಿ ಸದ್ದು ಮಾಡಲಿಲ್ಲ. ಆದ್ದರಿಂದ ಅದು ನನ್ನದು ಎಂದು ಯಾವತ್ತೂ ಅನ್ನಿಸಿಲ್ಲ. ಆದರೆ ಅಪ್ಪನ ನೋಟುಪುಸ್ತಕ ನನ್ನ ಹತ್ತಿರ ಇದೆ,” ಎಂದಳು.

ಆಯುಧ ರಿಪೇರಿಗೆ ಕಾನೂನಿನ ಪ್ರಕಾರ ಪರವಾನಗಿ ಬೇಕು. ಅದನ್ನು ಪಡೆದವರು ಮಾತ್ರ ಆ ಕೆಲಸ ಮಾಡಬಹುದು. ಆದ್ದರಿಂದ ನಾನು ರಿಪೇರಿಗೆ ಕೈಹಾಕುವುದಿಲ್ಲ, ಚಿಕ್ಕಪ್ಪನವರ ಎದುರಿನಲ್ಲಿ ಪರೀಕ್ಷಿಸಿ ನೋಡುತ್ತೇನೆ ಎಂದು ಮೊದಲೇ ತಿಳಿಸಿದೆ. ಕಾಮಾಕ್ಷಿಪಾಳ್ಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಲೇತ್ ಅಂಗಡಿಯಿದೆ. ಅಲ್ಲಿಗೆ ಹೋಗಿ ಒಂದು ಹಿತ್ತಾಳೆಯ ಗಜ ಮಾಡಿಸಿಕೊಂಡೆ. ನಳಿಗೆಯೊಳಗೆ ಉಕ್ಕಿನ ಸರಳು ಆಡಿದರೆ ಒಳಗೋಡೆಗೆ ಗೀರು ಬೀಳುತ್ತದೆ. ಹಿತ್ತಾಳೆ ಮೆದು, ತಾನು ಸವೆದು ಕೋವಿಯನ್ನು ಉಳಿಸುತ್ತದೆ.

ಐನ್‌ಮನೆಯಲ್ಲಿ ಆ ಕೋವಿಯನ್ನು ಮೊದಲ ಬಾರಿಗೆ ಕಂಡಾಗ ನನಗೆ ಅದರ ಸರಳತೆಯೇ ಎದ್ದು ಕಂಡಿತು. ಕಾಫಿ ತೋಟ ಮಾರಿ ಹೊರಟ ಒಬ್ಬ ಬಿಳಿಯ ತೋಟಗಾರನಿಂದ ಸುಬೇದಾರರ ಮುತ್ತಜ್ಜ ಕೊಂಡದ್ದಂತೆ. ಒಂಟಿ ನಳಿಗೆ, ಒಂದು ಸಲಕ್ಕೆ ಒಂದೇ ತೋಟಾ. ಅದರ ಯಂತ್ರ ಮಾರ್ಟಿನಿ ಬಗೆಯದು. ಅಮೆರಿಕದ ಹೆನ್ರಿ ಪೀಬಾಡಿ 1862ರಲ್ಲಿ ರೂಪಿಸಿದ ವ್ಯವಸ್ಥೆಯನ್ನು ಸ್ವಿಟ್ಜರ್ಲೆಂಡಿನ ಫ್ರೀಡ್ರಿಕ್ ಮಾರ್ಟಿನಿ ತಿದ್ದಿ ಬೆಳೆಸಿದನು. ಎಡಿನ್‌ಬರೊದ ಅಲೆಕ್ಸಾಂಡರ್ ಹೆನ್ರಿಯ ಏಳು ತೋಡುಗಳ ನಳಿಗೆಯನ್ನು ಅದಕ್ಕೆ ಜೋಡಿಸಿ, 1871ರಲ್ಲಿ ಬ್ರಿಟಿಷ್ ಸೇನೆ ಮಾರ್ಟಿನಿ–ಹೆನ್ರಿ ಎಂಬ ಹೆಸರಿನಲ್ಲಿ ಸ್ವೀಕರಿಸಿತು. ಹಲವು ತೋಟಾಗಳನ್ನು ಒಮ್ಮೆಗೇ ತುಂಬಬಲ್ಲ ಲೀ–ಮೆಟ್‌ಫರ್ಡ್ 1888ರಲ್ಲಿ ಬರುವವರೆಗೆ ಅದು ಆ ಸಾಮ್ರಾಜ್ಯದ ಮುಖ್ಯ ಆಯುಧವಾಗಿತ್ತು. ಅದೇ ಯಂತ್ರವನ್ನು ಬಳಸಿ ಬೇಟೆಯ ಕೋವಿಗಳನ್ನೂ ತಯಾರಿಸುತ್ತಿದ್ದರು. ಈ ಮನೆಯದು ಆ ಜಾತಿಗೆ ಸೇರಿದ್ದು.

ಇದರ ಕೆಲಸದ ಕ್ರಮ ಯಾವ ಫಿಟ್ಟರಿಗೂ ಸಂತೋಷ ಕೊಡುವಂಥದು. ಟ್ರಿಗರಿನ ಹಿಂದೆ ಒಂದು ಉದ್ದನೆಯ ಲಿವರ್ ಇದೆ. ಅದನ್ನು ಕೆಳಗೆ ತಳ್ಳಿದರೆ ನಳಿಗೆಯ ಹಿಂಬಾಯಿಯನ್ನು ಮುಚ್ಚಿರುವ ಉಕ್ಕಿನ ಗಟ್ಟಿ, ಅಂದರೆ ಬ್ಲಾಕ್, ಹಿಂತುದಿಯ ಪಿನ್ನಿನ ಮೇಲೆ ತಿರುಗಿ ಮುಂದಲೆಯನ್ನು ತಗ್ಗಿಸುತ್ತದೆ. ಖಾಲಿ ತೋಟಾ ಹೊರಕ್ಕೆ ಜಿಗಿಯುತ್ತದೆ. ಹೊಸದನ್ನು ಬೆರಳಿನಿಂದ ಒಳಗೆ ತಳ್ಳಿ ಲಿವರ್ ಮೇಲೆತ್ತಿದರೆ ಬ್ಲಾಕ್ ಮತ್ತೆ ಮೇಲೇರಿ ಬಾಯಿ ಮುಚ್ಚುತ್ತದೆ. ಬ್ಲಾಕಿನ ಹೊಟ್ಟೆಯೊಳಗೇ ಒಂದು ಸುರುಳಿ ಸ್ಪ್ರಿಂಗು, ಅದರ ಬಲದಿಂದ ತೋಟಾದ ತಳಕ್ಕೆ ಬಡಿಯುವ ಸೂಜಿ. ಬಲಮಗ್ಗುಲಲ್ಲಿ ಹನಿಯ ಆಕಾರದ ಚಿಕ್ಕ ಸೂಚಕವೊಂದಿದೆ. ಯಂತ್ರ ಬಿಗಿದಿದೆಯೋ ಸಡಿಲಿದೆಯೋ ಎಂಬುದನ್ನು ಅದು ತೋರಿಸುತ್ತದೆ. ಆದರೆ ಒಳಗೆ ತೋಟಾ ಇದೆಯೋ ಇಲ್ಲವೋ ಎಂಬುದನ್ನು ಆ ಸೂಚಕ ಹೇಳಲಾರದು. ಅದನ್ನು ತಿಳಿಯಲು ತೆರೆಯಲೇಬೇಕು.

ತೆರೆಯುವುದೇ ಆಗದಿದ್ದರೆ? ಅದಕ್ಕೂ ಒಂದು ಹಳೆಯ ಉಪಾಯವಿದೆ. ನಳಿಗೆಯ ಮುಂಬಾಯಿಯಿಂದ ಗಜವನ್ನು ಮೆಲ್ಲನೆ ಇಳಿಸಬೇಕು. ಅದು ತಡೆದು ನಿಂತಾಗ ಬಾಯಿಯ ಮಟ್ಟಕ್ಕೆ ಗುರುತು ಮಾಡಬೇಕು. ಹೊರತೆಗೆದು ಅದೇ ಗುರುತಿನಂತೆ ನಳಿಗೆಯ ಹೊರಮೈಗೆ ಒತ್ತಿ ಹಿಡಿದರೆ, ಒಳಗೆ ಗಜದ ತುದಿ ಎಲ್ಲಿಗೆ ಮುಟ್ಟಿತೆಂಬುದು ಹೊರಗೆ ಕಾಣುತ್ತದೆ. ತುದಿ ಬ್ಲಾಕಿನ ಮುಖದವರೆಗೂ ಹೋಗಿದ್ದರೆ ಖಾಲಿ. ಮೊದಲೇ ನಿಂತಿದ್ದರೆ ದಾರಿಯಲ್ಲಿ ಏನೋ ಇದೆ.

“ಅದರೊಳಗೆ ಏನೂ ಇಲ್ಲ ಮೇಷ್ಟ್ರೇ. ಅದು ಖಾಲಿ ಅಂತ ನನಗೆ ಗೊತ್ತು. ಅದಕ್ಕೆ ಹೊಂದುವ ತೋಟಾವನ್ನು ಈ ಮನೆಯಲ್ಲಿ ಯಾರೂ ನೋಡಿ ಐವತ್ತು ವರ್ಷವಾಯಿತು,” ಎಂದರು ಚಿಕ್ಕಪ್ಪ. ಹಬ್ಬಕ್ಕೆ ಬಂದಿದ್ದ ನೆಂಟರ ಮಕ್ಕಳು ಅಷ್ಟರಲ್ಲಾಗಲೇ ಕೋವಿ ಹಿಡಿದು ಫೋಟೊ ತೆಗೆಸಿಕೊಳ್ಳಲು ಕಾದು ನಿಂತಿದ್ದರು.

ಕೋವಿಯ ಬಾಯಿ ತೋಟದ ಮಣ್ಣಿನ ದಿಬ್ಬದ ಕಡೆಗಿರುವಂತೆ ಹಿಡಿಸಿ, ಪಕ್ಕದಲ್ಲಿ ನಿಂತು ಗಜ ಇಳಿಸಿದೆ. ಗುರುತು ಮಾಡಿ ಹೊರತೆಗೆದು ನಳಿಗೆಯ ಮಗ್ಗುಲಿಗೆ ಹಿಡಿದೆ. ತುದಿ ನಾಲ್ಕು ಬೆರಳಿನಷ್ಟು ಹಿಂದೆಯೇ ನಿಂತಿತು. ಎರಡನೆಯ ಸಲ ಅಳೆದೆ, ಅಷ್ಟೇ. ಮೂರನೆಯ ಸಲ ಸುಬೇದಾರರ ಮಗಳೇ ಅಳೆದಳು, ಅಷ್ಟೇ. ಸರಿಸುಮಾರು ಒಂದು ತೋಟಾ ಕೂರುವಷ್ಟು ಜಾಗ.

ಅಂಗಳದಲ್ಲಿ ಮಾತು ನಿಂತಿತು. ಮಕ್ಕಳನ್ನು ಅವರವರ ತಾಯಂದಿರು ಒಳಗೆ ಕರೆದುಕೊಂಡರು. ಐದು ವರ್ಷ ಆ ಕೋವಿ ದೇವರ ಕೋಣೆಯಲ್ಲಿತ್ತು. ಪ್ರತಿ ಸೆಪ್ಟೆಂಬರಿನಲ್ಲೂ ಹೂವಿಟ್ಟು ಕೈಯಿಂದ ಕೈಗೆ ಹೋಗಿತ್ತು. ಪೂಜೆ ಒಂದು ವರ್ಷವೂ ತಪ್ಪಿರಲಿಲ್ಲ. ತಪ್ಪಿದ್ದು ತೆರೆದು ನೋಡುವ ಕೆಲಸ. ಚಿಕ್ಕಪ್ಪನವರು ಜಗಲಿಯ ಮೇಲೆ ಕುಳಿತು ಬಹಳ ಹೊತ್ತು ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು. ಅಂದು ಹಬ್ಬ ನಡೆಯಿತು. ಉಳಿದ ಆಯುಧಗಳಿಗೆ ಹೂವಿಟ್ಟರು, ದೀಪ ಬೆಳಗಿದರು, ಕಡಂಬಿಟ್ಟು ಬಡಿಸಿದರು. ಆ ಒಂದು ಕೋವಿ ಮಾತ್ರ ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿ ಗೋಡೆಗೆ ಮುಖಮಾಡಿ ಮಲಗಿತ್ತು.

ಮರುದಿನ ಬೆಳಿಗ್ಗೆ ಚಿಕ್ಕಪ್ಪನವರು ತಮ್ಮ ಕಾಗದಪತ್ರಗಳೊಂದಿಗೆ ಅದನ್ನು ಜಿಲ್ಲೆಯೊಳಗಿನ ಒಂದು ಪೇಟೆಯಲ್ಲಿರುವ ಪರವಾನಗಿ ಪಡೆದ ಕೋವಿ ರಿಪೇರಿಗಾರರ ಬಳಿಗೆ ಒಯ್ದರು. ನಾವಿಬ್ಬರೂ ಜೊತೆಗೆ ಹೋದೆವು. ಅವರು ಅರವತ್ತರ ಆಸುಪಾಸಿನವರು, ತಂದೆಯಿಂದ ಕಸುಬು ಕಲಿತವರು. ವಿಷಯ ಕೇಳಿದೊಡನೆ ಲಿವರಿಗೆ ಕೈಹಾಕಲಿಲ್ಲ. ಮರಳು ತುಂಬಿದ ಪೆಟ್ಟಿಗೆಯತ್ತ ಬಾಯಿ ತಿರುಗಿಸಿ ಕೋವಿಯನ್ನು ಭದ್ರಪಡಿಸಿದರು. ನಳಿಗೆಯೊಳಗೂ ಬ್ಲಾಕಿನ ಸಂದುಗಳಿಗೂ ತೆಳುವಾದ ಎಣ್ಣೆ ಬಿಟ್ಟರು. “ಇವತ್ತು ಇಷ್ಟೇ. ಎಣ್ಣೆ ತನ್ನ ಕೆಲಸ ಮಾಡಲಿ, ನಾಳೆ ಬನ್ನಿ,” ಎಂದರು. ಅವಸರಕ್ಕೆ ಅವರ ಅಂಗಡಿಯಲ್ಲಿ ಜಾಗವಿರಲಿಲ್ಲ.

ಮರುದಿನ ಅವರು ಬ್ಲಾಕಿನ ಹಿಂದಣ ಪಿನ್ನನ್ನು ಹಿತ್ತಾಳೆಯ ಚಾಣದಿಂದ ಮೆಲ್ಲನೆ ತಟ್ಟಿ ಹೊರತೆಗೆದರು. ನಾನು ಅವರ ಸ್ಕ್ರೂಡ್ರೈವರುಗಳನ್ನು ಗಮನಿಸುತ್ತಿದ್ದೆ. ಒಂದೊಂದು ಸ್ಕ್ರೂವಿನ ಸೀಳಿಗೂ ಅಳತೆಗೆ ಸರಿಯಾಗಿ ಅರದಿಂದ ತಿದ್ದಿದ ಒಂದೊಂದು ಬಾಯಿ. ಸಡಿಲವಾದ ಬಾಯಿಯ ಉಪಕರಣ ಜಾರಿ ಸ್ಕ್ರೂವಿನ ತಲೆಯನ್ನು ತಿಂದುಹಾಕುತ್ತದೆ. ನೂರು ವರ್ಷದ ಸ್ಕ್ರೂವಿಗೆ ಬದಲಿ ಸಿಗುವುದಿಲ್ಲ. ಇದನ್ನೇ ನಾನು ಮೂರು ದಶಕ ಹುಡುಗರಿಗೆ ಹೇಳಿಕೊಟ್ಟದ್ದು. ಬ್ಲಾಕ್ ಒಂದು ಕ್ಷಣ ತಡೆದು, ಅಂಟು ಬಿಡಿಸಿಕೊಂಡಂತೆ ಮೇಲಕ್ಕೆ ಬಂದಿತು. ರಿಪೇರಿಗಾರರು ಒಳಗೆ ಬೆಳಕು ಬಿಟ್ಟು ನೋಡಿದರು. ನಂತರ ಚಿಮಟದಿಂದ ಒಂದು ಕಪ್ಪು ಗಟ್ಟಿಯನ್ನು ಹೊರಗೆಳೆದು ಕಾಗದದ ಮೇಲಿಟ್ಟರು.

ಅದು ತೋಟಾ ಆಗಿರಲಿಲ್ಲ. ಎಣ್ಣೆಯಲ್ಲಿ ಅದ್ದಿ ತುರುಕಿದ ಬಟ್ಟೆಯ ತುಂಡು, ಅದರ ಮೇಲೆ ಕಣಜ ಕಟ್ಟಿದ ಮಣ್ಣಿನ ಗೂಡು, ಎರಡೂ ಸೇರಿ ಕಲ್ಲಿನಂತಾಗಿದ್ದವು.

ಹೇಗಾಯಿತೆಂಬುದು ನಿಧಾನವಾಗಿ ಬಿಡಿಸಿಕೊಂಡಿತು. ಸುಬೇದಾರರು ಕಾಯಿಲೆ ಬಿದ್ದ ವರ್ಷ, ಕೋವಿಗೆ ಎಣ್ಣೆ ಹಾಕಬೇಕೆಂಬುದಷ್ಟನ್ನೇ ತಿಳಿದಿದ್ದ ಮನೆಯವರೊಬ್ಬರು ಅಡುಗೆಯ ಸೂರ್ಯಕಾಂತಿ ಎಣ್ಣೆಯನ್ನು ಧಾರಾಳವಾಗಿ ಸುರಿದು, ಅದೇ ಎಣ್ಣೆಯ ಬಟ್ಟೆಯನ್ನು ನಳಿಗೆಗೆ ತುರುಕಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಅಂಥ ಎಣ್ಣೆ ಗಾಳಿಯ ಸಂಪರ್ಕದಲ್ಲಿ ವರ್ಷಗಳು ಕಳೆದಂತೆ ಗಟ್ಟಿಯಾಗಿ ಅಂಟಾಗುತ್ತದೆ. ಅಡುಗೆಮನೆಯ ಒಲೆಯ ಹಿಂದಿನ ಗೋಡೆಯನ್ನು ಉಜ್ಜಿದವರಿಗೆ ಇದು ಗೊತ್ತು. ಯಂತ್ರಕ್ಕೆ ಬೇಕಾದದ್ದು ಖನಿಜ ಎಣ್ಣೆ, ಅದೂ ಬೆರಳ ತುದಿಯಷ್ಟು. ಇನ್ನು ಬಟ್ಟೆ ತುರುಕುವುದು ಧೂಳನ್ನು ತಡೆಯುವುದಕ್ಕಿಂತ ಹೆಚ್ಚಾಗಿ ತೇವವನ್ನು ಹಿಡಿದಿಡುತ್ತದೆ. ಕೊಡಗಿನ ಮಳೆಗಾಲದಲ್ಲಿ ತೇವವೇ ಉಕ್ಕಿನ ಮೊದಲ ಶತ್ರು.

ಅಂದು ಇಡೀ ಮಧ್ಯಾಹ್ನ ಕೋವಿ ಬಿಡಿಬಿಡಿಯಾಗಿ ಒಂದು ಬಿಳಿ ಬಟ್ಟೆಯ ಮೇಲೆ ಹರಡಿಕೊಂಡಿತ್ತು: ಬ್ಲಾಕು, ಸೂಜಿ, ಸ್ಪ್ರಿಂಗು, ತೋಟಾ ಎಳೆಯುವ ಕೊಕ್ಕೆ, ಲಿವರ್, ಟ್ರಿಗರ್. ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಜೋಡಿಸಿದ್ದರು. ಮತ್ತೆ ಕೂಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಸುಬೇದಾರರ ಮಗಳು ತಾನೂ ಒಂದು ಬಟ್ಟೆ ಹಿಡಿದು ಕುಳಿತಳು. ರಿಪೇರಿಗಾರರು ಅವಳಿಗೆ ಒಂದೊಂದನ್ನೂ ವಿವರಿಸಿದರು. ಹಳೆಯ ಕಪ್ಪು ಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ ಹೋಗದೆ ಮಸಿಯಾಗಿ, ಉಪ್ಪಾಗಿ ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವವನ್ನು ಹೀರಿ ನಳಿಗೆಯನ್ನು ತಿನ್ನುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಆದ್ದರಿಂದಲೇ ಹಿಂದಿನವರು ಗುಂಡು ಹಾರಿಸಿದ ದಿನವೇ ಕುದಿನೀರಿನಿಂದ ನಳಿಗೆ ತೊಳೆದು, ಆ ಬಿಸಿಗೇ ಒಣಗಿಸಿ, ನಂತರ ಎಣ್ಣೆ ಸವರುತ್ತಿದ್ದರು.

ಮಾರ್ಟಿನಿಗೆ ಇನ್ನೊಂದು ವಿಶೇಷವಿದೆ. ಅದರ ಹಿಂಬದಿ ಮುಚ್ಚಿರುವುದರಿಂದ ಗಜವನ್ನು ಹಿಂದಿನಿಂದ ನೇರವಾಗಿ ಹಾಕಲಾಗದು, ಮುಂಬಾಯಿಯಿಂದಲೇ ಹಾಕಬೇಕು. ಗಜ ಬಾಯಿಯ ಅಂಚಿಗೆ ಉಜ್ಜಿ ಅಂಚು ಸವೆದರೆ ಗುಂಡಿನ ದಾರಿ ತಪ್ಪುತ್ತದೆ. ಕೊಳೆ ಯಂತ್ರದೊಳಗೆ ಬೀಳದಂತೆ ಹಿಂದೆ ಬಟ್ಟೆ ಇಡಬೇಕು. ಕೆಲಸ ಮುಗಿದ ಮೇಲೆ ರಿಪೇರಿಗಾರರು ತೆರೆದ ಹಿಂಬಾಯಿಯಲ್ಲಿ ಒಂದು ಬಿಳಿಯ ಕಾಗದದ ಚೂರಿಟ್ಟು ಕಿಟಕಿಯ ಬೆಳಕಿಗೆ ಹಿಡಿದು, “ಈಗ ನೋಡಮ್ಮಾ,” ಎಂದರು. ಖಾಲಿಯೆಂದು ಕಣ್ಣಾರೆ ಕಂಡ ಮೇಲೆ ಮಾತ್ರ ಕೋವಿಯ ಬಾಯಿಗೆ ಕಣ್ಣಿಡಬಹುದು. ಅವಳು ನೋಡಿದಳು, ನಂತರ ನಾನೂ ನೋಡಿದೆ. ಕಾಗದದಿಂದ ಮರಳಿ ಬಂದ ಬೆಳಕಿನಲ್ಲಿ ತೋಡುಗಳು ನಿಧಾನವಾಗಿ ತಿರುಚುತ್ತ ದೂರಕ್ಕೆ ಹೋಗಿದ್ದವು. ಅಲ್ಲಲ್ಲಿ ತುಕ್ಕು ಕಚ್ಚಿದ ಸಣ್ಣ ಗುಳಿಗಳಿದ್ದವು. ಅವು ಇನ್ನು ಹೋಗುವುದಿಲ್ಲ. ಹೆಚ್ಚಾಗದಂತೆ ನೋಡಿಕೊಳ್ಳುವುದಷ್ಟೇ ಸಾಧ್ಯ.

ಹೊರಮೈಯ ಕಂದುಬಣ್ಣವನ್ನು ಉಜ್ಜಿ ಬೆಳ್ಳಗೆ ಮಾಡಬೇಕೆಂದು ಚಿಕ್ಕಪ್ಪನವರ ಆಸೆ. ಅದು ಬೇಡವೆಂದು ನಾವಿಬ್ಬರೂ ಹೇಳಿದೆವು. ಮರಳು ಕಾಗದ ತುಕ್ಕಿನೊಂದಿಗೆ ಕೆತ್ತಿದ ಅಕ್ಷರಗಳನ್ನೂ ಅಳಿಸುತ್ತದೆ. ಹಳೆಯ ಕೋವಿಗೆ ಆ ಅಕ್ಷರಗಳೇ ಸಾಕ್ಷಿ. ಅಫ್ಘಾನ್ ಗಡಿಯ ಕುಶಲಿಗರು ಕೈಯಿಂದಲೇ ತಯಾರಿಸಿದ ಮಾರ್ಟಿನಿಯ ನಕಲುಗಳಲ್ಲಿ ಇಂಗ್ಲಿಷ್ ಅಕ್ಷರಗಳು ತಿರುಗುಮುರುಗಾಗಿರುವುದುಂಟು. ಅಸಲು ನಕಲುಗಳನ್ನು ತಿಳಿದವರು ಬೇರ್ಪಡಿಸುವುದು ಇಂಥ ಗುರುತುಗಳಿಂದ. ಸ್ಥಿರವಾಗಿ ಕೂತ ಕಂದು ಪದರವನ್ನು ಎಣ್ಣೆ ಬಟ್ಟೆಯಿಂದ ಒರೆಸಿ ಬಿಟ್ಟರೆ ಸಾಕು. ವಯಸ್ಸನ್ನು ಅಳಿಸಬೇಕಾಗಿಲ್ಲ.

ಕೊನೆಯಲ್ಲಿ ರಿಪೇರಿಗಾರರು ಸೂಜಿಯ ಸ್ಪ್ರಿಂಗನ್ನು ತೋರಿಸಿ, “ಇದು ಸೋತಿದೆ. ಬೇಕಾದರೆ ಬೇರೆ ಹಾಕುತ್ತೇನೆ. ಅಥವಾ ಇದು ಇನ್ನು ಹಾರಲೇಬಾರದು ಎನ್ನುವುದಾದರೆ ಅದಕ್ಕೂ ಕ್ರಮವಿದೆ. ಇಲ್ಲವೇ ಠಾಣೆಗೆ ಒಪ್ಪಿಸಬಹುದು. ಮೂರರಲ್ಲಿ ಯಾವುದೂ ತಪ್ಪಲ್ಲ. ಯಾರು ನೋಡಿಕೊಳ್ಳುತ್ತಾರೆ ಎನ್ನುವುದನ್ನು ಮೊದಲು ಹೇಳಿ,” ಎಂದರು.

ಚಿಕ್ಕಪ್ಪನವರು ಸುಮ್ಮನಿದ್ದರು. ಅವಳು ನಿಧಾನವಾಗಿ, “ನಿಮಗೆ ಒಪ್ಪಿಗೆಯಿದ್ದರೆ ನಾನು ನೋಡಿಕೊಳ್ಳುತ್ತೇನೆ ಚಿಕ್ಕಪ್ಪ. ಸ್ಪ್ರಿಂಗು ಹೀಗೆಯೇ ಇರಲಿ. ಹಾರಿಸಲು ನನಗೆ ಇಷ್ಟವಿಲ್ಲ. ಆದರೆ ಅಪ್ಪ ಮಾಡುತ್ತಿದ್ದ ಕೆಲಸ ನಿಲ್ಲುವುದೂ ಇಷ್ಟವಿಲ್ಲ,” ಎಂದಳು.

“ಹಾರಿಸದ ಕೋವಿಗೆ ಇಷ್ಟೊಂದು ಉಪಚಾರ ಯಾಕೆ ಮಗಳೇ?” ಎಂದರು ಅವರು.

“ಹಾರುವುದಿಲ್ಲ ಅಂತ ಎಲ್ಲರೂ ನಂಬಿಕೊಂ­ಡಿದ್ದಕ್ಕೇ ಅಲ್ಲವೇ ಮೊನ್ನೆ ಆ ಮಕ್ಕಳ ಕೈಗೆ ಕೊಡಲು ಹೊರಟದ್ದು?” ಎಂದಳು. ಅವರು ಮರುಮಾತಾಡಲಿಲ್ಲ, ತಲೆಯಾಡಿಸಿದರು.

ನಾನು ಆ ಮಾತನ್ನು ಆಮೇಲೆ ಬಹಳ ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಅಂದು ಒಳಗೆ ಸಿಕ್ಕಿದ್ದು ಬಟ್ಟೆ ಮತ್ತು ಮಣ್ಣು. ಚಿಕ್ಕಪ್ಪನವರು ಹೇಳಿದಂತೆ ಕೋವಿ ಖಾಲಿಯೇ ಆಗಿತ್ತು. ಅವರ ಮಾತು ನಿಜವಾಯಿತು. ಆದರೂ ಎರಡು ರಾತ್ರಿ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ರೆ ಬರಲಿಲ್ಲ. ನಿಜವಾದ ಮಾತೂ ನೋಡದೆ ಆಡಿದರೆ ಯಾರಿಗೂ ಆಸರೆಯಾಗುವುದಿಲ್ಲ. ಸುಬೇದಾರರು ಮೂವತ್ತು ವರ್ಷ ಬರೆದ ಮೂರು ಪದಗಳಲ್ಲಿ ‘ಖಾಲಿ’ ಎಂಬುದು ಕೊನೆಯದು. ಅದಕ್ಕೆ ಮೊದಲು ತೆರೆಯಬೇಕು, ನೋಡಬೇಕು. ಹಿಂದಿನ ವರ್ಷ ತಾನೇ ನೋಡಿ ಮುಚ್ಚಿಟ್ಟದ್ದನ್ನು ಈ ವರ್ಷ ಮತ್ತೆ ತೆರೆಯುವುದು ಹೊರಗಿನವರಿಗೆ ಅತಿಯೆನಿಸಬಹುದು. ಆ ಸೇನಾನಿಗೆ ತನ್ನ ನೆನಪಿನ ಮೇಲೂ ಅಷ್ಟು ಭರವಸೆ ಇಡಲು ಮನಸ್ಸಿರಲಿಲ್ಲ. ತನ್ನ ನೆನಪು ತಪ್ಪಿದರೆ ತೆರುವವರು ಬೇರೆಯವರು ಎಂಬುದನ್ನು ಅವರು ಬಲ್ಲವರಾಗಿದ್ದರು.

ನಮ್ಮ ಮನೆತನಗಳಲ್ಲಿ ಕೋವಿಯೊಂದೇ ಹೀಗಿರುವುದಿಲ್ಲ. ಮುಚ್ಚಿಟ್ಟು ಪೂಜಿಸುವ ಹಳೆಯ ಅಭಿಮಾನಗಳುಂಟು. ಅಜ್ಜನ ಕಾಲದ ಭೂಮಿಯ ವ್ಯಾಜ್ಯ, ದಾಯಾದಿಗಳ ನಡುವೆ ನಿಂತುಹೋದ ಮಾತು, ಇನ್ನೊಬ್ಬರ ಕುಲದ ಬಗೆಗೆ ಕೇಳಿಸಿಕೊಂಡು ಬೆಳೆದ ಕಹಿ ನುಡಿ ಇವೂ ಬಳುವಳಿಯಾಗಿ ಬರುತ್ತವೆ. ಅವುಗಳಲ್ಲಿ ಈಗ ಮದ್ದು ಉಳಿದಿಲ್ಲವೆಂದು ನಾವು ತಿಳಿದಿರುತ್ತೇವೆ. ಉಳಿದಿಲ್ಲದೆಯೂ ಇರಬಹುದು. ಆದರೆ ಮಕ್ಕಳ ಕೈಗೆ ಕೊಡುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಹಿರಿಯರಾದವರ ಕೆಲಸ. ಒಳಗೆ ಒಳ್ಳೆಯ ಉಕ್ಕಿದ್ದರೆ ಅದೂ ಆಗಲೇ ಕಾಣುತ್ತದೆ.

ಬೆಂಗಳೂರಿಗೆ ಮರಳಿದ ಮೇಲೆ ಅವಳು ಚಿಕ್ಕಪ್ಪನವರ ಸಮ್ಮತಿಯೊಂದಿಗೆ ಕೋವಿಯ ಮುಂದಿನ ಹೊಣೆಗಾಗಿ ಜಿಲ್ಲಾಡಳಿತಕ್ಕೆ ಅರ್ಜಿ ಸಲ್ಲಿಸಿದಳು. ಕಾಗದಪತ್ರಗಳು ಸಾವಕಾಶವಾಗಿ ಸಾಗುತ್ತವೆ. ಅಲ್ಲಿಯವರೆಗೆ ಕೋವಿ ಊರಿನಲ್ಲಿ, ಚಿಕ್ಕಪ್ಪನವರ ವಶದಲ್ಲೇ ಇರುತ್ತದೆ. 2024ರ ಸೆಪ್ಟೆಂಬರಿನಲ್ಲಿ ನನ್ನ ಮೊಣಕಾಲು ಅಷ್ಟು ದೂರದ ಪ್ರಯಾಣಕ್ಕೆ ಒಪ್ಪಲಿಲ್ಲ. ಹಿತ್ತಾಳೆಯ ಗಜವನ್ನು ಅವಳ ಕೈಗೆ ಕೊಟ್ಟು ಕಳುಹಿಸಿದೆ. ಚಿಕ್ಕಪ್ಪನವರು ಪಕ್ಕದಲ್ಲಿ ಕುಳಿತು ದೀಪ ಹಿಡಿದರಂತೆ, ಅವಳು ಲಿವರ್ ಇಳಿಸಿ ಕಾಗದದ ಚೂರಿಟ್ಟು ನೋಡಿದಳಂತೆ. ಹಬ್ಬ ಮುಗಿಸಿ ಬಂದವಳು ನೋಟುಪುಸ್ತಕವನ್ನು ನನಗೆ ತೋರಿಸಿದಳು. ತಂದೆಯ ಮೂವತ್ತು ಸಾಲುಗಳ ಕೆಳಗೆ ಆರು ಸಾಲುಗಳಷ್ಟು ಜಾಗವನ್ನು ಖಾಲಿ ಬಿಟ್ಟಿದ್ದಳು. ನೋಡದ ವರ್ಷಗಳು ಐದು. ಬೇರೊಬ್ಬರ ಕೈಯಿಂದ ತೆರೆಸಿದ ವರ್ಷ ಒಂದು. ಅವುಗಳ ಲೆಕ್ಕವೂ ಹಾಗೆಯೇ ಇರಲಿ ಎಂದಳು. ಅದರ ಕೆಳಗೆ ಅಧ್ಯಾಪಕಿಯ ದುಂಡಾದ ಅಕ್ಷರಗಳಲ್ಲಿ ತಾರೀಖು, ಆ ಮೂರು ಪದಗಳು, ಅವಳ ಸಹಿ.